ತೂತು ನೋಡಿ ಮರುಳಾಗಬೇಡಿ

ಹಳೇ ಎಲೆಕ್ಟ್ರಿಕ್ ಬೇಸ್ ಗಿಟಾರುಗಳ ಫೋಟೋ ನೋಡ್ತಾ ಕೂರೋದು ನನಗಿರುವ ಚಟ. ಕೊಳ್ಳೋಕೆ ದುಡ್ಡು ಬೇಕು, ನೋಡೋಕೆ ಬೇಡವಲ್ಲ. ವಿಚಿತ್ರ ಆಕಾರದವು ಬೇಕಾದಷ್ಟಿವೆ: ಪಿಟೀಲಿನ ಹಾಗಿರುವ ಹಾಫ್ನರ್, ಕಾರುಗಳ ವಿನ್ಯಾಸಕಾರ ರೇ ಡೀಟ್ರಿಕ್ ಗಿಬ್ಸನ್ ಕಂಪನಿಗೆ ರೂಪಿಸಿಕೊಟ್ಟ ಥಂಡರ್‌ಬರ್ಡ್. ಆದರೆ ಇವೆಲ್ಲಕ್ಕಿಂತ ವಿಚಿತ್ರ 1966ರಲ್ಲಿ ಅಮೆರಿಕದ ಆಂಪೆಗ್ ಕಂಪನಿ ತಂದ ಬೇಸ್. ತಲೆಯಲ್ಲಿ ಪಿಟೀಲಿಗಿರುವಂಥ ಸುರುಳಿ. ಮೈಯಲ್ಲಿ ಎರಡು ಉದ್ದನೆಯ ತೂತು.

ಪಿಟೀಲಿನಲ್ಲಿ ಅಂಥ ತೂತಿಗೆ ಕೆಲಸವಿದೆ, ಒಳಗೆ ಟೊಳ್ಳು, ಗಾಳಿ ಆಡಬೇಕು. ಈ ಬೇಸಿನ ಮೈ ಗಟ್ಟಿ ಮರ. ತೂತು ಮುಂದಿನಿಂದ ಹಿಂದಕ್ಕೆ ನೇರ ಹೋಗುತ್ತೆ, ಅದರೊಳಗಿಂದ ನುಡಿಸುವವನ ಅಂಗಿಯ ಬಣ್ಣ ಕಾಣುತ್ತೆ. ನಾದಕ್ಕೆ ಅದರಿಂದ ಹೇಳಿಕೊಳ್ಳುವಂಥ ಲಾಭ ಏನಿಲ್ಲ. ಸಂಗ್ರಹಕಾರರು ಬಾಯಿ ಬಿಟ್ಟು ನೋಡೋದು ಮಾತ್ರ ಅದನ್ನೇ.

ಯಾಕೆ ಹಾಗೆ ಮಾಡಿದರು ಅನ್ನೋದಕ್ಕೆ ಕಂಪನಿಯ ಹಿನ್ನೆಲೆ ನೋಡಬೇಕು. ಆಂಪೆಗ್ ಕಟ್ಟಿದ ಎವರೆಟ್ ಹಲ್ ಸ್ವತಃ ನಿಂತು ನುಡಿಸುವ ದೊಡ್ಡ ಬೇಸಿನ ವಾದಕ. ಆ ವಾದ್ಯ ನೆಲಕ್ಕೆ ಊರಿಕೊಂಡಿರುವ ಗೂಟದೊಳಗೆ ಮೈಕ್ ಕೂರಿಸಿದ್ದರಿಂದಲೇ ಕಂಪನಿಗೆ ಆ ಹೆಸರು. ರಾಕ್ ಸಂಗೀತ ಕಂಡರೆ ಆತನಿಗೆ ಆಗುತ್ತಿರಲಿಲ್ಲ. ಹಾಗಾಗಿ ಎಲೆಕ್ಟ್ರಿಕ್ ಬೇಸ್ ಮಾಡಲೇಬೇಕಾಗಿ ಬಂದಾಗಲೂ ಹಳೇ ಮನೆಯ ಬಾಗಿಲು ಕಿತ್ತು ಹೊಸ ಫ್ಲ್ಯಾಟಿಗೆ ಹಾಕಿಕೊಂಡಂತೆ ಸುರುಳಿ, ತೂತು ಎಲ್ಲ ಬಂದವು.

ಪಿಕಪ್ ಕೂಡ ಹಾಗೇ. ಮಾಮೂಲಿ ಎಲೆಕ್ಟ್ರಿಕ್ ಬೇಸಿನಲ್ಲಿ ಅಯಸ್ಕಾಂತ ತಂತಿಯ ಕಂಪನವನ್ನೇ ಹಿಡಿಯುತ್ತೆ. ಅದಕ್ಕೇ ತಂತಿ ಲೋಹದ್ದಾಗಿರಬೇಕು. ಆಂಪೆಗ್‌ನಲ್ಲಿ ಕುದುರೆ ಒಂದು ಉಕ್ಕಿನ ತಗಡಿನ ಮೇಲೆ ಕೂತಿರುತ್ತೆ, ಅಯಸ್ಕಾಂತ ಅದರ ಕೆಳಗೆ. ತಗಡು ನಡುಗಿದ್ದನ್ನು ಹಿಡಿದರೆ ಸಾಕು, ಹಾಗಾಗಿ ಕರುಳಿನ ತಂತಿ ಹಾಕಿದರೂ ನಡೆಯುತ್ತೆ. ಬುದ್ಧಿವಂತಿಕೆ ಒಪ್ಪೋಣ. ನನ್ನ ಕಿವಿಗಂತೂ ಅದರ ದನಿ ಮಂಕು. ಪಕ್ಕದ ಮನೆಯಲ್ಲಿ ಯಾರೋ ಹಾಸಿಗೆ ಕೊಡವಿದ ಹಾಗೆ. ಕೆಲವೇ ವರ್ಷಗಳಲ್ಲಿ ಕಂಪನಿಯೂ ಮಾಮೂಲಿ ಪಿಕಪ್‌ಗೆ ಬಂತು. ತೂತು ಮಾತ್ರ ಹಾಗೇ ಉಳೀತು!

ಈ ಸಡಗರದಲ್ಲಿ ಯಾರೂ ಸರಿಯಾಗಿ ಗಮನಿಸದ ಇನ್ನೊಂದು ಸಂಗತಿ ಇದೆ. ಅದೇ 1966ರಲ್ಲಿ ಆಂಪೆಗ್ ಈ ಬೇಸನ್ನು ಫ್ರೆಟ್ ಇಲ್ಲದೆಯೂ ಮಾರಿತು. ವೀಣೆಗೆ ಮೆಟ್ಟಿಲಿದೆ, ಪಿಟೀಲಿಗಿಲ್ಲ. ಅಷ್ಟೇ ವ್ಯತ್ಯಾಸ, ಆದರೆ ಬೆರಳಿಗೆ ಅದೇ ಎಲ್ಲ. ಸ್ವರದಿಂದ ಸ್ವರಕ್ಕೆ ಜಾರಬಹುದು, ಕೂದಲೆಳೆ ತಪ್ಪಿದರೂ ಅಪಸ್ವರ. ಬಿಲ್ ವೈಮನ್ ಅದಕ್ಕೂ ಮುಂಚೆ ತನ್ನ ಅಗ್ಗದ ಬೇಸಿನ ಫ್ರೆಟ್ ಕಿತ್ತಿದ್ದು ನಿಜ, ಆದರೆ ಅದು ಮನೆಯಲ್ಲಿ ಮಾಡಿಕೊಂಡ ರಿಪೇರಿ. ಕಾರ್ಖಾನೆಯಿಂದಲೇ ಹಾಗೆ ಬಂದದ್ದು ಆಂಪೆಗ್. ಫೆಂಡರ್ ಅಂಥದ್ದನ್ನು ತಂದದ್ದು 1970ರಲ್ಲಿ.

ಫ್ರೆಟ್‌ಲೆಸ್ ಅಂದರೆ ನಮ್ಮಲ್ಲಿ ಬಹಳ ಮಂದಿಗೆ ನೆನಪಾಗೋದು 1976ರಲ್ಲಿ ಮೊದಲ ಆಲ್ಬಮ್ ತಂದ ಜಾಕೋ ಪಾಸ್ಟೋರಿಯಸ್ ಮಾತ್ರ. ಜಾಕೋ ದೊಡ್ಡವನೇ, ತಕರಾರಿಲ್ಲ. ಆದರೆ ಅವನಿಂದ ಕಥೆ ಶುರು ಮಾಡಿದರೆ ಫ್ರೆಟ್‌ಲೆಸ್ ಅಂದರೆ ಬರೀ ಮುಂದೆ ಬಂದು ಹಾಡುವ ಬೇಸ್ ಅಂತಾಗಿಬಿಡುತ್ತೆ. 'ದಿ ಬ್ಯಾಂಡ್' ತಂಡದ ರಿಕ್ ಡ್ಯಾಂಕೋ ಫ್ರೆಟ್ ಇಲ್ಲದ ಆಂಪೆಗ್ ಹಿಡಿದು ನುಡಿಸಿದ್ದನ್ನು ಕೇಳಿ. 1971ರ ಕೊನೆಯಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಕಛೇರಿ 'ರಾಕ್ ಆಫ್ ಏಜಸ್' ಅಂತ ಆಲ್ಬಮ್ ಆಗಿದೆ. ಅಲ್ಲಿ ಬೇಸ್ ಹಿಂದೆಯೇ ಇರುತ್ತೆ. ಡ್ರಮ್ಸಿನ ಪಕ್ಕ ಒರಗಿಕೊಂಡು, ಸ್ವರವನ್ನು ಸ್ವಲ್ಪ ತಡವಾಗಿ, ಸ್ವಲ್ಪ ಕೆಳಗಿಂದ ಎತ್ತಿ ತರುತ್ತೆ. ತೂತುಬಡುಕರು ಊದುವ ಅಬ್ಬರದ ನಡುವೆಯೂ ಆ ಜಾರು ಕೇಳುತ್ತೆ. ಇಯರ್‌ಫೋನ್ ಹಾಕ್ಕೊಂಡು ಕೇಳಿ, ಫೋನಿನ ಸ್ಪೀಕರಿನಲ್ಲಿ ಆಗಲ್ಲ.

ರಾಕ್ ಬೇಡವೆಂದವನ ಕಂಪನಿಯ ವಾದ್ಯ ಹೀಗೆ ರಾಕ್ ತಂಡದ ಕೈಯಲ್ಲೇ ಬಾಯಿ ಬಿಟ್ಟಿತು. ಹಲ್ ಅಷ್ಟರಲ್ಲಿ ಕಂಪನಿ ಮಾರಿಯಾಗಿತ್ತು.