ಸಾಕೆಂಬ ಮಾತನ್ನು ಮೊದಲು ಆಡಿದವರು ಯಾರು? ಏಸಾವ–ಯಕೋಬರ ವೃತ್ತಾಂತದ ಮರುವಾಚನ

ನಮ್ಮ ಪ್ರಬೋಧನೆಗಳಲ್ಲಿ ಏಸಾವ–ಯಕೋಬರ ವೃತ್ತಾಂತವು ಬಹುಮಟ್ಟಿಗೆ ಬೇಳೆಯ ಅಡಿಗೆಯೊಂದಿಗೇ ಮುಗಿದುಹೋಗುತ್ತದೆ. ಹಸಿವಿಗೆ ಸೋತ ಅಣ್ಣನಂತಾಗದೆ, ಮುಂದಿನದನ್ನು ಕಂಡ ತಮ್ಮನಂತಾಗಿರೆಂದು ಭಕ್ತಾದಿಗಳಿಗೆ ಹೇಳಿ ನಾವು ಬಲಿಪೀಠದತ್ತ ತಿರುಗುತ್ತೇವೆ. ಈ ವ್ಯಾಖ್ಯಾನ ನಿರಾಧಾರವಾದುದಲ್ಲ. ಹಿಬ್ರಿಯರಿಗೆ ಬರೆದ ಪತ್ರವೂ (12:16) ಏಸಾವನನ್ನು ಪ್ರಾಪಂಚಿಕನೆಂದೇ ಎಣಿಸುತ್ತದೆ. ಆದರೆ ಆದಿಕಾಂಡದ 25ನೇ ಅಧ್ಯಾಯದಲ್ಲಿ ಎದ್ದ ಪ್ರಶ್ನೆಗೆ ಉತ್ತರ ದೊರೆಯುವುದು 33ನೇ ಅಧ್ಯಾಯದಲ್ಲಿ. ಅಲ್ಲಿ ತೃಪ್ತಿಯ ಮಾತನ್ನು ಮೊದಲು ಆಡುವವನು ಎಲ್ಲವನ್ನೂ ಗೆದ್ದ ತಮ್ಮನಲ್ಲ, ಕಳೆದುಕೊಂಡ ಅಣ್ಣ. ಇದನ್ನು ಬಿಟ್ಟು ಬೋಧಿಸಿದರೆ ವೃತ್ತಾಂತದ ಅರ್ಧವನ್ನಷ್ಟೇ ಬೋಧಿಸಿದಂತಾಗುತ್ತದೆ.

ಮೊದಲು ಏಸಾವನ ಆಯ್ಕೆಯನ್ನು ನೋಡೋಣ. ಅವನಿಗೆ ಅಡಿಗೆಯ ಹೆಸರೂ ಬಾಯಿಗೆ ಬರುವುದಿಲ್ಲ. ಅದರ ಕೆಂಪು ಬಣ್ಣವನ್ನೇ ಎರಡು ಬಾರಿ ಹೇಳಿ ಬೇಡುತ್ತಾನೆ. ಅವನು ಬಳಸುವ ಕ್ರಿಯಾಪದ ಹೀಬ್ರೂ ಬೈಬಲಿನಲ್ಲಿ ಇದೊಂದೇ ಕಡೆ ಬರುತ್ತದೆ. ಮುಂದಿನ ಕಾಲದ ಯೆಹೂದ್ಯ ಬೋಧಕರ ಭಾಷೆಯಲ್ಲಿ ಅದು ಜಾನುವಾರುಗಳಿಗೆ ಮೇವು ತುರುಕುವುದಕ್ಕೆ ಸಲ್ಲುವ ಮಾತು. ಅನಂತರ ಐದು ಕ್ರಿಯಾಪದಗಳು ಬಿಡುವಿಲ್ಲದೆ ಬರುತ್ತವೆ: ತಿಂದ, ಕುಡಿದ, ಎದ್ದ, ಹೋದ, ತಾತ್ಸಾರ ಮಾಡಿದ (25:34). ಆಲೋಚನೆಗೆ ಅಲ್ಲಿ ಎಡೆಯೇ ಇಲ್ಲ. ಅವಿವೇಕದ ಆಯ್ಕೆಯ ಲಕ್ಷಣವೇ ಇದು: ಈ ಗಳಿಗೆಯ ಕೊರತೆಯೇ ಬದುಕಿನ ಪೂರ್ಣ ಅಳತೆಯಾಗಿ ಕಾಣುತ್ತದೆ.

ಯಕೋಬನ ಆಯ್ಕೆಯನ್ನು ವಿವೇಕವೆನ್ನಲಾದೀತೆ? ಅವನು ಬಯಸಿದ ವಸ್ತು ಶ್ರೇಷ್ಠ. ಹಿಡಿದ ದಾರಿ ವಂಚನೆಯದು. ‘ಬೆಖೋರಾ’ (ಚೊಚ್ಚಲತನ), ‘ಬೆರಾಖಾ’ (ಆಶೀರ್ವಾದ) ಎಂಬ ಸಮೀಪದ ಧ್ವನಿಯ ಎರಡು ಪದಗಳನ್ನು ಜೋಡಿಸಿ ಏಸಾವನು ಗೋಳಾಡುವುದನ್ನು 27:36ರಲ್ಲಿ ಕಾಣುತ್ತೇವೆ. ಅಣ್ಣನ ವೇಷದಲ್ಲಿ ಕುರುಡು ತಂದೆಯನ್ನು ವಂಚಿಸಿದವನಿಗೆ ಮದುವೆಯ ಇರುಳಿನಲ್ಲಿ ತಂಗಿಯ ಬದಲು ಅಕ್ಕ ದೊರೆಯುತ್ತಾಳೆ. ಹಿರಿಯಳಿಗಿಂತ ಮೊದಲು ಕಿರಿಯಳನ್ನು ಕೊಡುವುದು ತಮ್ಮ ನಾಡಿನ ವಾಡಿಕೆಯಲ್ಲವೆಂದು ಲಾಬಾನನು ಹೇಳುವ ಸಮಾಧಾನ (29:26) ಯಕೋಬನ ಹಳೆಯ ಗಾಯಕ್ಕೇ ತಾಗುತ್ತದೆ. ಆಶೀರ್ವಾದ ಪಡೆದವನು 20 ವರ್ಷ ದುಡಿದು, ಸಂಪತ್ತು ಕೂಡಿಟ್ಟು, ಕೊನೆಗೂ ನಿರ್ಭಯನಾಗುವುದಿಲ್ಲ. ಏಸಾವನು 400 ಮಂದಿಯೊಡನೆ ಬರುತ್ತಿದ್ದಾನೆಂಬ ಸುದ್ದಿಗೆ ನಡುಗಿ, ಮರಿಗಳನ್ನು ಬಿಟ್ಟು ಲೆಕ್ಕ ಹಾಕಿದರೂ 550 ಜಾನುವಾರುಗಳನ್ನು ಕಾಣಿಕೆಯಾಗಿ ಮುಂದೆ ಕಳುಹಿಸುತ್ತಾನೆ (32:13–15).

ಭೇಟಿಯ ಗಳಿಗೆಯಲ್ಲಿ ಮತ್ತೆ ಐದು ಕ್ರಿಯಾಪದಗಳು: ಓಡಿದ, ಅಪ್ಪಿದ, ಕೊರಳಿಗೆ ಬಿದ್ದ, ಮುದ್ದಿಟ್ಟ, ಅತ್ತರು (33:4). ಅಂದು ತಾತ್ಸಾರದಲ್ಲಿ ಕೊನೆಗೊಂಡ ಸಾಲು ಇಂದು ಬಹುವಚನದ ಕಣ್ಣೀರಿನಲ್ಲಿ ಕೊನೆಗೊಳ್ಳುತ್ತದೆ. ಸಹೋದರರು ತನಗೆ ಅಡ್ಡಬೀಳುವರೆಂಬ ಆಶೀರ್ವಾದ ಕದ್ದವನೇ (27:29) ಏಳು ಬಾರಿ ಅಡ್ಡಬಿದ್ದಿದ್ದಾನೆ. ತಮ್ಮನು ‘ಒಡೆಯ’ನೆಂದು ಸಂಬೋಧಿಸಿದರೆ, ಅಣ್ಣನು ‘ತಮ್ಮಾ’ ಎಂದು ಕರೆದು, ತನ್ನಲ್ಲಿ ಬೇಕಾದಷ್ಟು ಇದೆಯೆಂದೂ ಅವನದು ಅವನಲ್ಲೇ ಇರಲೆಂದೂ ಹೇಳುತ್ತಾನೆ.

ಏಸಾವನ ಮಾತು ‘ಯೇಶ್ ಲೀ ರಾವ್’, ನನಗೆ ಬಹಳವಿದೆ. ಯಕೋಬನ ಉತ್ತರ ‘ಯೇಶ್ ಲೀ ಖೋಲ್’, ನನಗೆ ಎಲ್ಲವೂ ಇದೆ. ಈ ಎರಡನೆಯ ಮಾತಿನ ಸ್ಥಾನವನ್ನು ಗಮನಿಸಬೇಕು. ಅದುವರೆಗೆ ‘ಮಿನ್ಹಾ’, ಅಂದರೆ ಕಾಣಿಕೆ, ಎನ್ನುತ್ತಿದ್ದ ಯಕೋಬನು 33:11ರಲ್ಲಿ ಪದ ಬದಲಿಸಿ, ತನ್ನ ‘ಬೆರಾಖಾ’ವನ್ನು ಸ್ವೀಕರಿಸೆಂದು ಬೇಡುತ್ತಾನೆ. ಕದ್ದ ಪದವನ್ನೇ ಹಿಂದಿರುಗಿಸುತ್ತಿದ್ದಾನೆ. ಆ ವಾಕ್ಯದಲ್ಲೇ, ದೇವರ ಕೃಪೆಯನ್ನು ಒಪ್ಪಿಕೊಂಡ ಮೇಲೆ, ತನಗೆ ಎಲ್ಲವೂ ಇದೆಯೆಂದು ಹೇಳುವ ಬಲ ಅವನಿಗೆ ಬರುತ್ತದೆ. ಪಡೆದಾಗ ದೊರೆಯದ ತೃಪ್ತಿ ಕೊಡುವಾಗ ದೊರೆಯಿತು.

ಈ ಓದಿಗೆ ಆಕ್ಷೇಪಣೆಗಳಿವೆ. ದೇವರು ಆರಿಸಿದ್ದು ಯಕೋಬನನ್ನಲ್ಲವೆ? ಹೌದು; ಆದರೆ ಆ ಆಯ್ಕೆ ಇಬ್ಬರೂ ಒಳಿತು ಕೆಡುಕು ಮಾಡುವ ಮೊದಲೇ ಆದುದೆಂದು ಪೌಲನು ಸ್ಪಷ್ಟಪಡಿಸುತ್ತಾನೆ (ರೋಮ 9:11). ಆಯ್ಕೆ ದೇವರ ಕೃಪೆಯ ಸಾಕ್ಷಿ. ವಂಚನೆಗೆ ಕೊಟ್ಟ ಪ್ರಶಸ್ತಿಪತ್ರವಲ್ಲ. ಇನ್ನು, ಸೇಯೀರಿಗೆ ಬರುವೆನೆಂದ ಯಕೋಬನು ಸುಕ್ಕೋತಿಗೆ ಹೋದದ್ದೂ ನಿಜ (33:14–17). ರಾಜಿಯಾದ ಮೇಲೂ ಹಳೆಯ ಭಯ ಪೂರ್ತಿ ಅಳಿಯಲಿಲ್ಲ. ಆದರೂ ತಂದೆ ಇಸಾಕನನ್ನು ಸಮಾಧಿ ಮಾಡುವಾಗ ಇಬ್ಬರೂ ಜೊತೆಗಿದ್ದರು (35:29). ಏಸಾವನ ಮನಸ್ಸು ಹೇಗೆ ತಿಳಿಯಾಯಿತೆಂಬುದನ್ನು ಗ್ರಂಥ ಹೇಳುವುದಿಲ್ಲ. ಚೊಚ್ಚಲತನವಿಲ್ಲದೆಯೂ ಮನುಷ್ಯ ತೃಪ್ತನಾಗಬಲ್ಲನೆಂಬುದನ್ನು ಮಾತ್ರ ತೋರಿಸುತ್ತದೆ.

ಇದು ಗುರುಗಳಾದ ನಮಗೂ ಗುರುಮಠದ ಅಭ್ಯರ್ಥಿಗಳಿಗೂ ದೂರದ ಮಾತಲ್ಲ. ವರ್ಗಾವಣೆಯ ಪಟ್ಟಿ ಬಂದ ದಿನ ನಮ್ಮ ಹೆಸರಿಗಿಂತ ಮೊದಲು ನಮ್ಮ ಕಣ್ಣು ಹುಡುಕುವುದು ಯಾರ ಹೆಸರನ್ನು? ಜೊತೆಯಲ್ಲಿ ಓದಿದವನು ಉನ್ನತ ವ್ಯಾಸಂಗಕ್ಕೆ ಆಯ್ಕೆಯಾದ ವರ್ಷ, ನಾವು ಅಭಿನಂದನೆಯ ಮಾತನ್ನು ತುಟಿಯಿಂದ ಆಡಿದೆವು. ಮನಸ್ಸಿಗೆ ಆ ಮಾತು ಇಳಿಯಲು ಬಹಳ ಕಾಲ ಬೇಕಾಯಿತು. ಆ ವರ್ಷಗಳಲ್ಲಿ ನಾವು ಬೋಧಿಸಿದ್ದು 25ನೇ ಅಧ್ಯಾಯವನ್ನು ಮಾತ್ರ. ಸಹೋದರ ಗುರುವಿನ ಹೆಚ್ಚಳವನ್ನು ಕಂಡು, ಅವನದು ಅವನಲ್ಲೇ ಇರಲೆಂದು ಮನಸಾರೆ ಹೇಳಲಾಗುವ ತನಕ ನಮ್ಮ ವಿವೇಕದ ಆಯ್ಕೆಗಳೂ ಶಂಕಾಸ್ಪದವೇ. ಮುಂದಿನ ಬಾರಿ ಈ ವೃತ್ತಾಂತವನ್ನು ಬೋಧಿಸುವವರು ಎರಡು ಅಧ್ಯಾಯಗಳನ್ನೂ ಜೊತೆಗಿಟ್ಟು ಓದಬೇಕೆಂಬುದು ನಮ್ಮ ವಿನಂತಿ.