ಇತಾರನ ಎರಡು ವರದಿಗಳು: ಒಂದು ಪರಾಮರ್ಶೆ

ಮಾತಿನಲ್ಲಿಯೂ ಬುದ್ಧಿವಿಕಾಸದಲ್ಲಿಯೂ ನ್ಯೂನತೆಯುಳ್ಳ ಮಕ್ಕಳ ಶಿಕ್ಷಣದ ಚರಿತ್ರೆಯಲ್ಲಿ ಫ್ರೆಂಚ್ ವೈದ್ಯ ಇತಾರನು 1801 ಮತ್ತು 1806ರಲ್ಲಿ ಬರೆದ ಎರಡು ವರದಿಗಳಿಗೆ ಹಿರಿಯ ಸ್ಥಾನವಿದೆ. ಇತಾರನ ಮಾರ್ಗವನ್ನು ಸೆಗಾಂ ಮುಂದುವರಿಸಿದನು. ಮಾರಿಯಾ ಮಾಂಟೆಸೊರಿಯವರು ಇವರಿಬ್ಬರ ಬರೆಹಗಳನ್ನೂ ಸ್ವಹಸ್ತದಿಂದ ಇಟಾಲಿಯನ್ ಭಾಷೆಗೆ ಇಳಿಸಿಕೊಂಡರು. ಇಂತಹ ಕೃತಿಗಳನ್ನು ಪ್ರಶಂಸಿಸುವುದು ಸುಲಭ. ಆದರೆ ಅವುಗಳನ್ನು ಚಾರಿತ್ರಿಕ ಆಧಾರಗಳೆಂದು ಭಾವಿಸಿ ಪರಿಶೀಲಿಸಿದರೆ, ವರದಿಕಾರನ ತೀರ್ಪಿಗೂ ಅವನೇ ದಾಖಲಿಸಿದ ಸಂಗತಿಗಳಿಗೂ ಹೊಂದಿಕೆಯಿಲ್ಲವೆಂಬುದು ನಮಗೆ ವಿದಿತವಾಗುತ್ತದೆ.

ದಕ್ಷಿಣ ಫ್ರಾನ್ಸಿನ ಅವೇರೋನ್ ಪ್ರಾಂತದಲ್ಲಿ 1800ರ ಜನವರಿಯಲ್ಲಿ, ಕಾಡಿನಲ್ಲಿ ಅಲೆಯುತ್ತಿದ್ದ, ಮಾತು ಬಾರದ ಬಾಲಕನೊಬ್ಬನು ಜನರ ಕೈಗೆ ಸಿಕ್ಕಿದನು. ಅದೇ ವರ್ಷ ಅವನನ್ನು ಪ್ಯಾರಿಸಿನ ಕಿವುಡರ ಶಿಕ್ಷಣಸಂಸ್ಥೆಗೆ ಕರೆತಂದರು. ಇವನು ಬುದ್ಧಿಮಾಂದ್ಯನು, ಸುಧಾರಣೆಯ ಆಶೆಯಿಲ್ಲವೆಂದು ಪ್ರಸಿದ್ಧ ವೈದ್ಯ ಪಿನೆಲನು ಅಭಿಪ್ರಾಯಪಟ್ಟನು. ತರುಣನಾದ ಇತಾರನು ಅದನ್ನು ಒಪ್ಪದೆ, ಮನುಷ್ಯಸಹವಾಸದ ಅಭಾವವೇ ಇದಕ್ಕೆ ಕಾರಣವೆಂದು ವಾದಿಸಿ, ಬಾಲಕನಿಗೆ ವಿಕ್ತೋರ್ ಎಂದು ಹೆಸರಿಟ್ಟು ಸುಮಾರು ಐದು ವರ್ಷ ಕಲಿಸಿದನು. ಕಡೆಗೆ 1806ರ ವರದಿಯಲ್ಲಿ, ಮಾತು ಕಲಿಸುವ ಯತ್ನವನ್ನು ಕೈಬಿಟ್ಟುದಾಗಿ ನಿರಾಶೆಯಿಂದ ತಿಳಿಸಿದನು.

ಆದರೆ ಆ ವರದಿಗಳೇ ಬೇರೊಂದು ಕಥೆಯನ್ನು ಹೇಳುತ್ತವೆ. ಹಾಲು ಬೇಕಾದಾಗ ಬಾಲಕನು ತನ್ನ ಬಟ್ಟಲನ್ನು ಮುಂದಿಡುತ್ತಿದ್ದನು. ಬಂದವರು ಬೇಸರ ತರಿಸಿದರೆ ಅವರ ಟೋಪಿ, ಕೈಗವಸು, ಬೆತ್ತಗಳನ್ನು ತಂದುಕೊಟ್ಟು ಹೊರಡಬೇಕೆಂದು ಸೂಚಿಸುತ್ತಿದ್ದನು. ಹಾಲಿಗೆ ಫ್ರೆಂಚಿನಲ್ಲಿರುವ ‘ಲೇ’ ಎಂಬ ಮಾತನ್ನು ಆತನು ಉಚ್ಚರಿಸಿದ್ದುಂಟು. ಆದರೆ ಹಾಲು ದೊರೆತ ಮೇಲೆ, ಸಂತೋಷದಿಂದ. ಕೇಳುವುದಕ್ಕಾಗಿ ಅದನ್ನು ಬಳಸಲಿಲ್ಲವೆಂದು ಇತಾರನು ಕೊರಗಿದನು. ಮುಂದೆ ಅದೇ ಪದದ ನಾಲ್ಕು ಲೋಹದ ಅಕ್ಷರಗಳನ್ನು ವಿಕ್ತೋರನು ತಾನಾಗಿಯೇ ಕಿಸೆಯಲ್ಲಿಟ್ಟುಕೊಂಡು ಪರಿಚಿತರ ಮನೆಗೆ ಹೋಗಿ, ಅಲ್ಲಿ ಮೇಜಿನ ಮೇಲೆ ಜೋಡಿಸಿ ಹಾಲು ಕೇಳಿದನು. ಬಾಯಿಗೆ ಒದಗದ ಬೇಡಿಕೆ ಕೈಗೆ ಒದಗಿತ್ತು.

ಇದನ್ನೆಲ್ಲ ಮೆಚ್ಚಿ ಬರೆದ ಇತಾರನೇ ಅದನ್ನು ಮಾತಿಗೆ ಕೇವಲ ಸೋಪಾನವೆಂದು ಎಣಿಸಿದನು. ಇನ್ನೊಂದು ಸಂಗತಿ ಮತ್ತಷ್ಟು ವಿಚಾರಾರ್ಹವಾದುದು. ಬಾಲಕನಿದ್ದ ಸಂಸ್ಥೆಯ ವಿದ್ಯಾರ್ಥಿಗಳು ದಿನವೂ ಕೈಸನ್ನೆಯ ಭಾಷೆಯಲ್ಲಿ ವ್ಯವಹರಿಸುತ್ತಿದ್ದರು. ಆದರೂ ಅದನ್ನು ಇವನಿಗೆ ಕ್ರಮವಾಗಿ ಕಲಿಸಲಿಲ್ಲ. ಹಾರ್ಲನ್ ಲೇನರು 1976ರ ತಮ್ಮ ಗ್ರಂಥದಲ್ಲಿ ಎತ್ತಿರುವ ಈ ಆಕ್ಷೇಪವು ನಮಗೆ ಸಮಂಜಸವೆಂದು ತೋರುತ್ತದೆ. ವಿಕ್ತೋರನ ನ್ಯೂನತೆಗೆ ಇಂದಿನ ಹೆಸರನ್ನು ಹಚ್ಚುವುದು ಚರಿತ್ರಕಾರನ ಕಾರ್ಯವಲ್ಲ. ಆತನಿಗೆ ಏನನ್ನು ನೀಡಲಾಯಿತು, ಯಾವುದನ್ನು ನೀಡಲಿಲ್ಲ ಎಂಬುದನ್ನು ಹೇಳಬಹುದು.

ಮನೆವಾರ್ತೆ ನೋಡುತ್ತಿದ್ದ ಮದಾಂ ಗೆರಾಂ ಎಂಬಾಕೆ ವರದಿಗಳ ಅಂಚಿನಲ್ಲಿ ಮಾತ್ರ ಕಾಣಿಸುತ್ತಾಳೆ. ಆಕೆಯ ಗಂಡ ತೀರಿಕೊಂಡ ಬಳಿಕ ವಿಕ್ತೋರನು ಎಂದಿನಂತೆ ಮೃತನಿಗೂ ಊಟದ ಎಡೆ ಹಾಕಿದನು. ಆಕೆಯ ದುಃಖವನ್ನು ಕಂಡು ಅದನ್ನು ತೆಗೆದಿಟ್ಟನು. 1806ರ ಅನಂತರ, 1828ರಲ್ಲಿ ಸಾಯುವವರೆಗೂ ಆತನಿಗೆ ಆಶ್ರಯವಾಗಿದ್ದವಳು ಆಕೆಯೇ. ಪಾಠಕ್ರಮವು ಸೋತಿತೆಂದು ಬರೆದಲ್ಲಿಗೆ ವರದಿ ಮುಗಿಯಿತು, ಪೋಷಣೆ ಮುಗಿಯಲಿಲ್ಲ.

ಇತಾರನ ಹಿರಿಮೆಯನ್ನು ನಾವು ಅಲ್ಲಗಳೆಯುವುದಿಲ್ಲ. ಎಲ್ಲರೂ ಕೈಬಿಟ್ಟವನನ್ನು ಆತನು ಕೈಹಿಡಿದನು. ತನ್ನ ತೀರ್ಪಿಗೆ ವಿರುದ್ಧವಾದ ಸಂಗತಿಗಳನ್ನೂ ಮರೆಮಾಚದೆ ಬರೆದನು. ಆತನ ಅಳತೆಗೋಲು ಮಾತ್ರ ಗಿಡ್ಡದಾಗಿತ್ತು. ಭಾರತದ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಸಂವಹನದ ವ್ಯಾಖ್ಯೆಯಲ್ಲಿ ಸಂಜ್ಞೆ, ಸ್ಪರ್ಶ, ಬರೆಹ, ಹಾಗೂ ಮಾತಿಗೆ ಪೂರಕವೂ ಪರ್ಯಾಯವೂ ಆದ ಇತರ ವಿಧಾನಗಳನ್ನು ಸೇರಿಸಿದೆ. ಮೌಖಿಕ ಪರೀಕ್ಷೆಯಲ್ಲಿ ತಡವರಿಸುವ, ಅಥವಾ ಚೀಟಿಯಲ್ಲಿ ಬರೆದು ತೋರಿಸುವ ವಿದ್ಯಾರ್ಥಿಯ ಉತ್ತರವನ್ನು ಉತ್ತರವೆಂದು ಸ್ವೀಕರಿಸುವ ಅಧ್ಯಾಪಕನು ಈ ವರದಿಗಳನ್ನು ಸರಿಯಾಗಿ ಓದಿದವನೆಂದು ನಾವು ಭಾವಿಸುತ್ತೇವೆ.