ಬಾಣದ ಕೀಲಿಯೂ ಕನ್ನಡದ ಅಕ್ಷರವೂ

ಗಣಕಯಂತ್ರದ ತೆರೆಯ ಮೇಲೆ ಬರಹ ತುಂಬುವ ಚೌಕದಲ್ಲಿ ಮಿನುಗುವ ಗೆರೆ, ಎಂದರೆ ಕರ್ಸರ್, ಬಾಣದ ಕೀಲಿಯನ್ನು ಒಮ್ಮೆ ಒತ್ತಿದಾಗ ಎಷ್ಟು ದೂರ ಸರಿಯಬೇಕು? ಪ್ರಶ್ನೆ ಅಲ್ಪವೆಂದು ತೋರಬಹುದು. ಶಾಸನಪಾಠಗಳನ್ನು ಗಣಕದಲ್ಲಿಯೇ ಪ್ರತಿಮಾಡಿ ತಿದ್ದುವ ಚರಿತ್ರೆಯ ವಿದ್ಯಾರ್ಥಿಗೆ ಅದು ಅಲ್ಪವಲ್ಲ.

ಈ ಕೀಲಿಗಳ ಪೂರ್ವವೃತ್ತಾಂತವೂ ವಿಚಿತ್ರವಾದುದು. 1976ರ ಎಡಿಎಂ-3ಎ ಟರ್ಮಿನಲ್ಲಿನಲ್ಲಿ ಬಾಣದ ಗುರುತುಗಳು ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆಯೇ ಇದ್ದುವು. 1984ರ ಮೆಕಿಂಟಾಷ್ ಯಂತ್ರದ ಕೀಲಿಮಣೆಯಲ್ಲಿ ಬಾಣದ ಕೀಲಿಗಳೇ ಇರಲಿಲ್ಲ. ಒಂದು ಸಂಕೇತ, ಒಂದು ಅಕ್ಷರ, ಒಂದು ಹೆಜ್ಜೆ ಎಂಬ ಲೆಕ್ಕವು ಇಂಗ್ಲಿಷಿಗೆ ಸಾಕಾಗುತ್ತಿತ್ತು. ಕನ್ನಡಕ್ಕೆ ಅದು ಸಾಲದು.

'ಶಾಸ್ತ್ರ' ಎಂಬ ಪದವನ್ನೇ ನೋಡೋಣ. ಛಂದಸ್ಸನ್ನು ಓದಿದವರು ಯಾರಾದರೂ ಇದರಲ್ಲಿ ಎರಡೇ ಅಕ್ಷರಗಳನ್ನು ಎಣಿಸುವರು. ಯೂನಿಕೋಡಿನಲ್ಲಿ ಇದು ಏಳು ಸಂಕೇತಗಳಾಗಿ ಸಂಗ್ರಹವಾಗುತ್ತದೆ. ಬರಹವನ್ನು ಎಲ್ಲೆಲ್ಲಿ ಬಿಡಿಸಬೇಕೆಂಬುದನ್ನು ವಿಧಿಸುವ ಯೂನಿಕೋಡಿನ 29ನೆಯ ಅನುಬಂಧವು ಇದನ್ನು 'ಶಾ', 'ಸ್', 'ತ್', 'ರ' ಎಂದು ನಾಲ್ಕಾಗಿ ಒಡೆಯುತ್ತದೆ. ಇದು ಓದುಗನ ಎಣಿಕೆಯೂ ಅಲ್ಲ, ಯಂತ್ರದ ಎಣಿಕೆಯೂ ಅಲ್ಲ. 2023ರ 15.1ನೆಯ ಆವೃತ್ತಿಯಲ್ಲಿ ಸಂಯುಕ್ತಾಕ್ಷರಗಳನ್ನು ಒಡೆಯಬಾರದೆಂಬ ಹೊಸ ನಿಯಮವೇನೋ ಬಂದಿತು. ಆದರೆ ಅದು ಅನ್ವಯಿಸಿದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯ, ತೆಲುಗು, ಮಲಯಾಳ ಲಿಪಿಗಳಿಗೆ, ಕನ್ನಡಕ್ಕಲ್ಲ. ತೆಲುಗು ಕನ್ನಡಗಳು ಒಂದೇ ಮೂಲಲಿಪಿಯಿಂದ ಕವಲೊಡೆದುವೆಂಬುದನ್ನು ಬಲ್ಲ ನಮಗೆ ಈ ಭೇದವು ಸಮರ್ಥನೀಯವಾಗಿ ಕಾಣುವುದಿಲ್ಲ.

ಪರಿಣಾಮವೇನು? 'ಧರ್ಮ' ಎಂಬಲ್ಲಿ ರೇಫವು ಸಂಗ್ರಹದಲ್ಲಿ ಮಕಾರಕ್ಕೆ ಮೊದಲು ಬರುತ್ತದೆ. ತೆರೆಯ ಮೇಲೆ ಅರ್ಕಾವೊತ್ತಾಗಿ ಮಕಾರದ ಬಲಕ್ಕೆ ನಿಲ್ಲುತ್ತದೆ. ಅನುಬಂಧವನ್ನು ಅಕ್ಷರಶಃ ಪಾಲಿಸುವ ಚೌಕದಲ್ಲಿ ಕರ್ಸರ್ ಇವೆರಡರ ನಡುವೆ ನಿಂತರೆ, ಅದರ ಹಿಂದಿರುವುದು ಕಣ್ಣಿಗೆ ಮುಂದೆ ಕಾಣುವುದು. ಅಲ್ಲಿ ಬ್ಯಾಕ್‌ಸ್ಪೇಸ್ ಒತ್ತಿದರೆ 'ಧರಮ' ಎಂದು ಉಳಿಯುವುದುಂಟು. ಶಾಸನಗಳಲ್ಲಿ 'ಧರ್ಮ್ಮ' ಎಂಬ ದ್ವಿತ್ವರೂಪವು ಸಾಮಾನ್ಯವಾದುದರಿಂದ ತೊಡಕು ಇಮ್ಮಡಿಸುತ್ತದೆ. ಹೀಗೆ ಹುಟ್ಟಿದ ತಪ್ಪು ರೂಪವನ್ನು ಮುಂದಿನ ಓದುಗನು ಶಿಲ್ಪಿಯ ಸ್ಖಾಲಿತ್ಯವೆಂದೋ, ಆಡುನುಡಿಯ ಕುರುಹೆಂದೋ ಭ್ರಮಿಸಿದರೆ ಆಶ್ಚರ್ಯವಿಲ್ಲ. ಕೆಲವರು ಒತ್ತಕ್ಷರದ ಅಗಲವನ್ನು ಸಮಭಾಗ ಮಾಡಿ ಕರ್ಸರನ್ನು ನಡುವೆ ನಿಲ್ಲಿಸುತ್ತಾರೆ. ಒತ್ತು ಕೆಳಗೆ ಬರುವ ಲಿಪಿಯಲ್ಲಿ ಅಗಲವನ್ನು ಹಂಚುವುದು ವ್ಯರ್ಥ.

ಅಕ್ಷರದ ಒಳಗೆ ತಿದ್ದಲು ನಡುನಿಲುಗಡೆ ಬೇಕೆಂದು ವಾದಿಸುವವರಿದ್ದಾರೆ. ವಾದವು ನಿರಾಧಾರವಲ್ಲ. ಆದರೆ ಆ ಕೆಲಸದ ಬಹುಪಾಲು ಬ್ಯಾಕ್‌ಸ್ಪೇಸಿನಿಂದಲೇ ಆಗುತ್ತದೆ: ಅಕ್ಷರದ ಕೊನೆಯಲ್ಲಿ ನಿಂತು ಒಂದೊಂದೇ ಸಂಕೇತವನ್ನು ಅಳಿಸುತ್ತ ಬರಬಹುದು. ಸಂಯುಕ್ತದ ಮೊದಲ ವ್ಯಂಜನವೇ ತಪ್ಪಾಗಿದ್ದರೆ ಪೂರ್ಣವಾಗಿ ಅಳಿಸಿ ಬರೆಯಬೇಕಾದೀತು. ಆ ಶ್ರಮ ಸಹ್ಯ. ಚಲನೆ ಅಕ್ಷರಕ್ಕೊಂದರಂತೆ, ಅಳಿಸುವಿಕೆ ಸಂಕೇತಕ್ಕೊಂದರಂತೆ ಇರಬೇಕೆಂಬುದು ನಮ್ಮ ಅಭಿಪ್ರಾಯ. ಲಿಪಿಗೆ ತಕ್ಕಂತೆ ನಿಯಮವನ್ನು ಮಾರ್ಪಡಿಸಿಕೊಳ್ಳಲು ಅನುಬಂಧವೇ ಅವಕಾಶವಿತ್ತಿರುವುದರಿಂದ, ಕನ್ನಡಕ್ಕಾಗಿ ಚೌಕಗಳನ್ನು ರಚಿಸುವವರು ಪಟ್ಟಿಯ ತಿದ್ದುಪಡಿಗಾಗಿ ಕಾಯಬೇಕಾಗಿಲ್ಲ.